ಉಪ್ಪುನೀರಿನ ಇಂಜೆಕ್ಷನ್ ಮತ್ತು 60 ಮಕ್ಕಳು

ಆಟಿಸಂ ಚಿಕಿತ್ಸೆಯ ಇವತ್ತಿನ ಕಥೆ ಶುರುವಾಗೋದು ಮೆದುಳಿನಿಂದ ಅಲ್ಲ, ಸಣ್ಣ ಕರುಳಿನಿಂದ. 1902ರಲ್ಲಿ ಲಂಡನ್‌ನಲ್ಲಿ ಬೇಲಿಸ್ ಮತ್ತು ಸ್ಟಾರ್ಲಿಂಗ್ ಅನ್ನೋ ಇಬ್ಬರು ವಿಜ್ಞಾನಿಗಳು ಅಲ್ಲೊಂದು ವಸ್ತು ಪತ್ತೆ ಮಾಡಿದರು. ಹೆಸರು ಸೀಕ್ರೆಟಿನ್. ಹೊಟ್ಟೆಯ ಆಮ್ಲ ಕರುಳಿಗೆ ಇಳಿದಾಗ ಇದು ರಕ್ತದಲ್ಲಿ ಸಾಗಿ, ಮೇದೋಜೀರಕ ಗ್ರಂಥಿಗೆ 'ರಸ ಬಿಡು' ಅಂತ ಸುದ್ದಿ ಮುಟ್ಟಿಸುತ್ತೆ. 'ಹಾರ್ಮೋನ್' ಅನ್ನೋ ಪದವನ್ನ ಸ್ಟಾರ್ಲಿಂಗ್ ಬಳಕೆಗೆ ತಂದದ್ದು 1905ರಲ್ಲಿ, ಇದರ ಬೆನ್ನಲ್ಲೇ.

ಆಮೇಲೆ ಸೀಕ್ರೆಟಿನ್ ಆಸ್ಪತ್ರೆಯ ಒಂದು ಟೆಸ್ಟ್‌ಗೆ ಬಳಸೋ ಮದ್ದಾಗಿ ಉಳಿಯಿತು. 1996ರಲ್ಲಿ ಅಮೆರಿಕದ ಮೇರಿಲ್ಯಾಂಡ್‌ನಲ್ಲಿ, ಹೊಟ್ಟೆ ತೊಂದರೆ ಇದ್ದ ಆಟಿಸಂ ಮಗುವೊಂದಕ್ಕೆ ಅದೇ ಟೆಸ್ಟ್ ಆಯ್ತು. ಕೆಲವೇ ದಿನಗಳಲ್ಲಿ ಮಗು ಕಣ್ಣಲ್ಲಿ ಕಣ್ಣಿಟ್ಟು ನೋಡಿತು, ಮಾತು ಬಂತು ಅಂದರು ತಂದೆತಾಯಿ. 1998ರಲ್ಲಿ ಡಾಕ್ಟರುಗಳು ಇಂಥ ಮಕ್ಕಳ ಬಗ್ಗೆ ಲೇಖನ ಪ್ರಕಟಿಸಿದರು. ಎಷ್ಟು ಮಕ್ಕಳು ಗೊತ್ತಾ? ಮೂರು. ಅದೇ ವರ್ಷ ಸುದ್ದಿ ಟಿವಿಗೆ ಬಂತು, ಸಾವಿರಾರು ಮನೆಯವರು ಇಂಜೆಕ್ಷನ್ ಹುಡುಕಿಕೊಂಡು ಹೊರಟರು. ನಾನು ಓದಿದ್ದು ಬಿ.ಕಾಂ. ಪುರಾವೆ ಬರೋಕೆ ಮುಂಚೆ ಡಿಮ್ಯಾಂಡ್ ಬಂದರೆ ಮಾರ್ಕೆಟ್ ಏನಾಗುತ್ತೆ ಅಂತ ಬೇರೆ ಹೇಳಬೇಕಾಗಿಲ್ಲ.

ತೊಂದರೆ ಇರೋದು ಎಲ್ಲಿ ಅಂದ್ರೆ, ಮಕ್ಕಳು ಸುಮ್ಮನೆ ನಿಂತಲ್ಲೇ ನಿಂತಿರಲ್ಲ. ಬೆಳೀತಾರೆ. ಒಂದು ವಾರ ಚೆನ್ನಾಗಿರ್ತಾರೆ, ಇನ್ನೊಂದು ವಾರ ಇರಲ್ಲ. ನಾವು ಡಾಕ್ಟರ ಹತ್ತಿರ ಓಡೋದು ತೀರಾ ಕಷ್ಟದ ವಾರದಲ್ಲೇ. ಹಾಗಾಗಿ ಮುಂದಿನ ವಾರ ಏನೂ ಕೊಡದಿದ್ದರೂ ಸ್ವಲ್ಪ ವಾಸಿ ಅನ್ನಿಸಬಹುದು. ಜೊತೆಗೆ ಆಸೆಗಣ್ಣಿಂದ ಕಾಯ್ತಿರೋ ಅಮ್ಮನಿಗೆ ಮಗುವಿನ ಒಂದು ಸಣ್ಣ ನಗುವೂ ದೊಡ್ಡದಾಗೇ ಕಾಣುತ್ತೆ. ಇದರಲ್ಲಿ ಯಾರ ಸುಳ್ಳೂ ಇಲ್ಲ.

1999ರ ಡಿಸೆಂಬರ್‌ನಲ್ಲಿ ಏಡ್ರಿಯನ್ ಸ್ಯಾಂಡ್ಲರ್ ಮತ್ತವರ ತಂಡದ ಟ್ರಯಲ್ ಪ್ರಕಟವಾಯ್ತು. 60 ಮಕ್ಕಳು. ಕೆಲವರಿಗೆ ಒಂದು ಡೋಸ್ ಸೀಕ್ರೆಟಿನ್, ಉಳಿದವರಿಗೆ ಬರೀ ಉಪ್ಪುನೀರು. ಯಾರಿಗೆ ಯಾವುದು ಅಂತ ಮನೆಯವರಿಗೂ ಗೊತ್ತಿಲ್ಲ, ಪರೀಕ್ಷಿಸಿದವರಿಗೂ ಗೊತ್ತಿಲ್ಲ. ನಾಲ್ಕು ವಾರ ಗಮನಿಸಿದರು. ಉಪ್ಪುನೀರು ತಗೊಂಡ ಮಕ್ಕಳೂ ಸುಧಾರಿಸಿದ್ದರು! ಸೀಕ್ರೆಟಿನ್‌ನಿಂದ ಹೆಚ್ಚಿನ ಲಾಭ ಏನೂ ಕಾಣಲಿಲ್ಲ.

ನನ್ನನ್ನ ಹಿಡಿದು ನಿಲ್ಲಿಸಿದ್ದು ಇನ್ನೊಂದು ಅಂಕಿ. ಫಲಿತಾಂಶ ಹೇಳಿದ ಮೇಲೂ 69% ತಂದೆತಾಯಿ ಮಗುವಿಗೆ ಸೀಕ್ರೆಟಿನ್ ಕೊಡಿಸೋ ಆಸಕ್ತಿ ಬಿಟ್ಟಿರಲಿಲ್ಲ. ಇವರನ್ನ ನೋಡಿ ನಗೋಕೆ ನನಗೆ ಮನಸ್ಸು ಬರಲ್ಲ. ಬೇರೆ ಏನು ಇತ್ತು ಅವರ ಕೈಯಲ್ಲಿ? 2004ರಲ್ಲಿ ರೆಪ್ಲಿಜೆನ್ ಕಂಪನಿಯ ದೊಡ್ಡ ಟ್ರಯಲ್ ಕೂಡ ಸೋತಿತು.

ಈಗ ಸರದಿ ಸ್ಟೆಮ್ ಸೆಲ್‌ದು. 2020ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದವರು 2ರಿಂದ 7 ವರ್ಷದ 180 ಮಕ್ಕಳಲ್ಲಿ ಹೊಕ್ಕುಳಬಳ್ಳಿ ರಕ್ತ ಪರೀಕ್ಷಿಸಿದ ಫಲಿತಾಂಶ ಕೊಟ್ಟರು. ಮುಖ್ಯ ಅಳತೆಯಲ್ಲಿ ಪ್ಲಸೀಬೊಗಿಂತ ಮೇಲು ಅಂತ ಸಾಬೀತಾಗಲಿಲ್ಲ. ನಮ್ಮಲ್ಲೂ 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ನೈತಿಕ ಮಂಡಳಿ, ಆಟಿಸಂಗೆ ಇದನ್ನ ಚಿಕಿತ್ಸೆಯಾಗಿ ಶಿಫಾರಸು ಮಾಡಲಾಗದು ಅಂತ ಹೇಳಿತು.

ಯಾರಾದರೂ 'ಇದು ಟ್ರಯಲ್' ಅಂದರೆ ಸಿಟಿಆರ್‌ಐ ನೋಂದಣಿ ಸಂಖ್ಯೆ ಕೇಳಿ, ಫೋನಲ್ಲೇ ಹುಡುಕಬಹುದು. ಹೋಲಿಕೆಗೆ ಇನ್ನೊಂದು ಗುಂಪು ಇದೆಯಾ ನೋಡಿ. ಲಕ್ಷಗಟ್ಟಲೆ ಪ್ಯಾಕೇಜ್ ಬಿಲ್ ಕೈಗಿಟ್ಟರೆ, ಸಂಶೋಧನೆಯ ಖರ್ಚನ್ನ ನಮ್ಮಿಂದ ಯಾಕೆ ಕೇಳ್ತಿದ್ದೀರಿ ಅಂತಲೂ ಕೇಳಿ.