ಹತ್ತೊಂಬತ್ತನೆಯವರಾಗಿ ಬಂದ ಬೆಳಗಾವಿಯ ಓಟಗಾರ

ಪುಣೆಯಲ್ಲಿ ‘ಡೆಕ್ಕನ್’ ಎಲ್ಲಿ ಅಂತ ಯಾರನ್ನು ಕೇಳಿದರೂ ಹೇಳುತ್ತಾರೆ. ಲಕಡಿ ಪೂಲ್ ದಾಟಿದರೆ ಡೆಕ್ಕನ್. ಬಸ್ಸಿನ ಬೋರ್ಡಿನಲ್ಲಿ ಡೆಕ್ಕನ್, ರಿಕ್ಷಾದವನ ಬಾಯಲ್ಲಿ ಡೆಕ್ಕನ್, ಈಗ ಮೆಟ್ರೋ ಸ್ಟೇಷನ್ನೂ ಅಲ್ಲೇ ಬಂದಿದೆ. ‘ಜಿಮಖಾನಾ’ ಎನ್ನುವ ಬಾಲವನ್ನು ಜನ ಎಂದೋ ಕತ್ತರಿಸಿ ಹಾಕಿದ್ದಾರೆ. 1906ರಲ್ಲಿ ಶುರುವಾದ ಡೆಕ್ಕನ್ ಜಿಮಖಾನಾ ಎಂಬ ಕ್ರೀಡಾ ಸಂಸ್ಥೆಯಿಂದಲೇ ಆ ಇಡೀ ಭಾಗಕ್ಕೆ ಹೆಸರು ಬಂತು ಅನ್ನುವುದು ಇಲ್ಲೇ ಹುಟ್ಟಿ ಬೆಳೆದ ಎಷ್ಟೋ ಜನರಿಗೆ ನೆನಪಿಲ್ಲ. ಹಾಗಿರುವಾಗ ಭಾರತದ ತಂಡ ಮೊದಲ ಸಲ ಒಲಿಂಪಿಕ್ಸಿಗೆ ಹೋಗಲು ಕಾರಣವಾದದ್ದು ಇದೇ ಜಿಮಖಾನಾ, ಆ ತಂಡದಲ್ಲಿ ಬೆಳಗಾವಿಯವರೊಬ್ಬರು, ಹುಬ್ಬಳ್ಳಿಯವರೊಬ್ಬರು ಇದ್ದರು ಅಂದರೆ ಯಾರು ನಂಬುತ್ತಾರೆ?

ಬೆಳಗಾವಿಯವರ ಹೆಸರು ಫಡೆಪ್ಪ ದರೆಪ್ಪ ಚೌಗುಲೆ. ಹುಬ್ಬಳ್ಳಿಯವರು ಕೈಕಾಡಿ. ಮನೆಮಾತು ಕನ್ನಡವೋ ಮರಾಠಿಯೋ ಅಂತ ಜಗಳಕ್ಕೆ ಬರುವವರು ಬೇರೆ ಕಡೆ ಹೋಗಿ. ಅಪ್ಪನ ಹೆಸರಿನಲ್ಲೂ ಮಗನ ಹೆಸರಿನಲ್ಲೂ ‘ಅಪ್ಪ’ ಇದೆ, ನನಗೆ ಅಷ್ಟು ಸಾಕು.

ಆಗ ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರ ಎಲ್ಲ ಮುಂಬಯಿ ಪ್ರಾಂತದಲ್ಲಿದ್ದವು. ಓದಬೇಕೆಂದರೂ ಪುಣೆ, ಹೆಸರು ಮಾಡಬೇಕೆಂದರೂ ಪುಣೆ. ಬೇಂದ್ರೆಯವರು ಬಿ.ಎ. ಓದಿದ್ದು ಇಲ್ಲಿಯ ಫರ್ಗ್ಯುಸನ್ ಕಾಲೇಜಿನಲ್ಲೇ. ಕಾಲಿನಲ್ಲಿ ಕಸುವಿದ್ದವರು ಅದೇ ರಸ್ತೆಯ ಆಚೆ ಜಿಮಖಾನಾಕ್ಕೆ ಬರುತ್ತಿದ್ದರು, ಅಷ್ಟೇ ವ್ಯತ್ಯಾಸ.

1919. ಜಿಮಖಾನಾದ ಅಧ್ಯಕ್ಷರು ಸರ್ ದೊರಾಬ್ಜಿ ಟಾಟಾ, ಜಮ್ಶೆಟ್‌ಜಿಯವರ ಹಿರಿಯ ಮಗ. ಇಂಗ್ಲೆಂಡಿನಲ್ಲಿ ಓದಿ, ಆಡಿ ಬಂದ ಮನುಷ್ಯ. ಇಲ್ಲಿಯ ವಾರ್ಷಿಕ ಪಂದ್ಯಗಳಿಗೆ ಬಂದು ನೋಡುತ್ತಾರೆ, ಓಡುತ್ತಿರುವವರೆಲ್ಲ ರೈತರ ಮಕ್ಕಳು. ಹೊಲದಲ್ಲಿ ದುಡಿಯುವವರು. ಒಳ್ಳೆಯ ಊಟವಿಲ್ಲ, ಕಲಿಸುವವರಿಲ್ಲ, ಕಾಲಲ್ಲಿ ಜೋಡಿಲ್ಲ. ಸುಮಾರು 25 ಮೈಲಿಯ ಒಂದು ಓಟವಿತ್ತು, ಅದಕ್ಕೆ ‘ಮ್ಯಾರಥಾನ್’ ಅಂತಲೇ ಹೆಸರು. ಜಲ್ಲಿ ಹಾಕಿದ ಗಟ್ಟಿ ರಸ್ತೆಯ ಮೇಲೆ ಬರಿಗಾಲಲ್ಲಿ ಈ ಹುಡುಗರು ಓಡಿದ ಸಮಯ ಯುರೋಪಿನವರ ಸಮಯದ ಹತ್ತಿರ ಹತ್ತಿರ ಇತ್ತು! ದೊರಾಬ್ಜಿಯವರೇ ಮುಂದೆ ಒಂದು ಪತ್ರದಲ್ಲಿ ಇದನ್ನೆಲ್ಲ ಬರೆದಿದ್ದಾರೆ. ಇವರಲ್ಲಿ ಕೆಲವರನ್ನು ಒಲಿಂಪಿಕ್ಸಿಗೆ ಕಳಿಸಬೇಕು ಅಂತ ಅವರ ತಲೆಯಲ್ಲಿ ಬಂತು. ಮುಂಬಯಿಯ ಗವರ್ನರ್ ಜಾರ್ಜ್ ಲಾಯ್ಡ್ ಅವರಲ್ಲಿ ಮಾತು ತೆಗೆದರು, ಒಪ್ಪಿಗೆಯ ದಾರಿ ಸಿಕ್ಕಿತು.

ಈ ಪತ್ರದಲ್ಲೇ ಒಂದು ತಮಾಷೆಯ ಸಂಗತಿ ಇದೆ. 100 ಮೀಟರ್ ಓಟಕ್ಕೆ ಆರಿಸಲು ಎಷ್ಟು ಸಮಯ ಇಡಬೇಕು ಅಂತ ಪ್ರಶ್ನೆ ಬಂದಾಗ ಸಮಿತಿಯ ಹಿರಿಯರೊಬ್ಬರು ಒಂದೆರಡು ನಿಮಿಷ ಇರಬಹುದು ಅಂದರಂತೆ. ಲೆಕ್ಕ ನಿಮಿಷದಲ್ಲಿ ಅಲ್ಲ ಸ್ವಾಮೀ, ಸೆಕೆಂಡಿನಲ್ಲಿ, ಅದೂ ಸೆಕೆಂಡಿನ ಭಾಗದಲ್ಲಿ ಅಂತ ತಿಳಿಸಿದಾಗ ಅವರಿಗೆ ದಿಗ್ಭ್ರಮೆ. ನಗು ಬರುತ್ತದೆ ನಿಜ. ಆದರೆ ಇಂಥವರೇ ಕೂತು ಆರಿಸಿದ ತಂಡ ಹಡಗು ಹತ್ತಿತು ಅನ್ನುವುದನ್ನು ಮರೆಯಬೇಡಿ.

ಹೊರಟವರು ಆರು ಜನ. ಬಂಗಾಳದ ಪೂರ್ಮಾ ಬ್ಯಾನರ್ಜಿ, ಸಾತಾರಾದ ಸದಾಶಿವ ದಾತಾರ್, ನಮ್ಮ ಚೌಗುಲೆ, ಕೈಕಾಡಿ, ಇವರು ಓಟಗಾರರು. ಕುಮಾರ್ ನವಲೆ ಮತ್ತು ಕೊಲ್ಲಾಪುರದ ರಣಧೀರ್ ಶಿಂದೆ, ಇವರಿಬ್ಬರು ಪೈಲ್ವಾನರು. ಖರ್ಚಿಗೆ ದೊರಾಬ್ಜಿ ತಮ್ಮ ಕೈಯಿಂದ ಹಾಕಿದರು, ಸರ್ಕಾರವೂ ಒಂದಿಷ್ಟು ಕೊಟ್ಟಿತು. (ಮೂವತ್ತು ವರ್ಷ ಸಾಲದ ಅರ್ಜಿ ನೋಡಿದವನು ನಾನು. ಜಾಮೀನಿಲ್ಲ, ಹಿಂದಿನ ದಾಖಲೆ ಇಲ್ಲ, ವಾಪಸು ಬರುವ ಖಾತ್ರಿ ಇಲ್ಲ. ನಾನಾದರೆ ಖಂಡಿತ ಮಂಜೂರು ಮಾಡುತ್ತಿರಲಿಲ್ಲ!) 1900ರಲ್ಲಿ ಪ್ಯಾರಿಸ್‌ನಲ್ಲಿ ನಾರ್ಮನ್ ಪ್ರಿಚರ್ಡ್ ಭಾರತದ ಹೆಸರಿನಲ್ಲಿ ಎರಡು ಬೆಳ್ಳಿ ಗೆದ್ದಿದ್ದರು, ಅದು ಒಬ್ಬರ ಕಥೆ. ತಂಡ ಅಂತ ಹೋದದ್ದು ಇದೇ ಮೊದಲು.

1920ರ ಒಲಿಂಪಿಕ್ಸ್ ನಡೆದದ್ದು ಬೆಲ್ಜಿಯಂನ ಆಂಟ್ವರ್ಪ್‌ನಲ್ಲಿ. ಮೊದಲ ಮಹಾಯುದ್ಧ ಮುಗಿದು ಎರಡು ವರ್ಷವೂ ಆಗಿರಲಿಲ್ಲ. ಸೋತ ಜರ್ಮನಿ, ಆಸ್ಟ್ರಿಯಾ ಮುಂತಾದವರಿಗೆ ಕರೆಯೇ ಇರಲಿಲ್ಲ. ಐದು ಉಂಗುರದ ಬಾವುಟ ಒಲಿಂಪಿಕ್ಸಿನಲ್ಲಿ ಹಾರಿದ್ದು ಅಲ್ಲೇ ಮೊದಲು.

ಅಲ್ಲಿ ಎಲ್ಲರ ಕಣ್ಣಿಗೆ ಬಿದ್ದ ದೇಶ ಫಿನ್ಲೆಂಡ್. 1917ರ ಡಿಸೆಂಬರಿನಲ್ಲಿ ರಷ್ಯಾದಿಂದ ಬಿಡುಗಡೆಯಾಗಿದ್ದ ಪುಟ್ಟ ದೇಶ, ಸ್ವಂತ ಬಾವುಟ ಹಿಡಿದು ಬಂದದ್ದು ಇದೇ ಮೊದಲು. ಆಂಟ್ವರ್ಪ್‌ನ ಪಂದ್ಯಗಳು ಏಪ್ರಿಲ್‌ನಲ್ಲೇ ಮಂಜುಗಡ್ಡೆಯ ಮೇಲೆ ಶುರುವಾಗಿದ್ದವು. ಜೋಡಿಯಾಗಿ ಮಂಜಿನ ಮೇಲೆ ಜಾರುತ್ತಾ ನರ್ತಿಸುವ ಫಿಗರ್ ಸ್ಕೇಟಿಂಗ್‌ನಲ್ಲಿ ಚಿನ್ನ ಗೆದ್ದದ್ದು ಫಿನ್ಲೆಂಡಿನ ಗಂಡ ಹೆಂಡತಿ, ವಾಲ್ಟರ್ ಮತ್ತು ಲುಡೋವಿಕಾ ಯಾಕಬ್‌ಸನ್. ಆಕೆ ಹುಟ್ಟಿದ್ದು ಜರ್ಮನಿಯ ಪಾಟ್ಸ್‌ಡ್ಯಾಮ್‌ನಲ್ಲಿ. ಆಗ ಅವರಿಗೆ 35, ಗಂಡನಿಗೆ 38. ಯುದ್ಧಕ್ಕೆ ಮೊದಲೇ 1911, 1914ರಲ್ಲಿ ವಿಶ್ವ ಚಾಂಪಿಯನ್ ಆಗಿದ್ದವರು. ಯುದ್ಧ ಅವರ ಒಳ್ಳೆಯ ವರ್ಷಗಳನ್ನೆಲ್ಲ ನುಂಗಿತು, ಆದರೂ ಬಿಡದೆ ಬಂದು ಗೆದ್ದರು. 1923ರಲ್ಲಿ ಮತ್ತೆ ವಿಶ್ವ ಚಾಂಪಿಯನ್, 1924ರ ಶಮೋನಿಯಲ್ಲಿ ಬೆಳ್ಳಿ. ನಮ್ಮ ಊರುಗಳಲ್ಲಿ ಮಂಜುಗಡ್ಡೆ ಎಂದರೆ ಗೋಲಾ ಗಾಡಿಯಲ್ಲಿ ಕಂಡದ್ದೇ ಹೌದು. ಆದರೆ ಆಗಸ್ಟ್ ತಿಂಗಳಲ್ಲಿ ಅದೇ ಫಿನ್ಲೆಂಡಿನವರ ಜೊತೆಗೆ ನಮ್ಮ ಚೌಗುಲೆ ಓಡಬೇಕಾಗಿತ್ತು.

ಮೊದಲು 10,000 ಮೀಟರ್. ಚೌಗುಲೆಯವರಾಗಲಿ ಕೈಕಾಡಿಯವರಾಗಲಿ ಅಂತಿಮ ಸುತ್ತಿಗೆ ಬರಲಿಲ್ಲ. ಆ ಓಟದಲ್ಲಿ ಗೆದ್ದದ್ದು ಫಿನ್ಲೆಂಡಿನ ಹೊಸ ಹುಡುಗ ಪಾವೊ ನುರ್ಮಿ. ಮುಂದಿನದನ್ನು ಹೇಳುವುದೇ ಬೇಡ.

22 ಆಗಸ್ಟ್ 1920, ಮ್ಯಾರಥಾನ್. ಚಳಿ, ಮಳೆ. ದೂರ 42.75 ಕಿಲೋಮೀಟರ್. ಈಗಿನ 42.195 ಅನ್ನುವುದು ಮರುವರ್ಷ, 1921ರಲ್ಲಿ ನಿಗದಿಯಾದದ್ದು. ಅಂದರೆ ಇವರು ಓಡಿದ್ದು 555 ಮೀಟರ್ ಹೆಚ್ಚು.

ಗೆದ್ದವರು ಹಾನ್ನೆಸ್ ಕೋಲೆಹ್ಮೈನೆನ್. 1912ರ ಸ್ಟಾಕ್‌ಹೋಮ್‌ನಲ್ಲಿ ಮೂರು ಚಿನ್ನ ಗೆದ್ದಿದ್ದ ಫಿನ್ಲೆಂಡಿನವರು. ಆಗ ಅವರು ಗೆದ್ದಾಗ ಏರಿದ್ದು ರಷ್ಯಾದ ಬಾವುಟ. ಆಮೇಲೆ ಅಮೆರಿಕಕ್ಕೆ ಹೋಗಿ ಗೌಂಡಿ ಕೆಲಸ ಮಾಡಿಕೊಂಡು ಓಡುತ್ತಿದ್ದರು. ಎಂಟು ವರ್ಷ ಬಿಟ್ಟು ಬಂದು ಮ್ಯಾರಥಾನ್ ಗೆದ್ದಾಗ ಏರಿದ್ದು ತಮ್ಮದೇ ದೇಶದ ಬಾವುಟ. ಸಮಯ 2 ಗಂಟೆ 32 ನಿಮಿಷ 35.8 ಸೆಕೆಂಡ್. ಎರಡನೆಯವರು ಎಸ್ಟೋನಿಯಾದ ಯೂರಿ ಲೊಸ್ಮನ್, ಬರೀ 13 ಸೆಕೆಂಡ್ ಹಿಂದೆ. ಮೂರನೆಯವರು ಇಟಲಿಯ ವಲೇರಿಯೋ ಅರ್ರಿ. ಗೆರೆ ದಾಟಿದ ಮೇಲೆ ಖುಷಿಗೆ ಲಾಗ ಹಾಕಿದ ಪುಣ್ಯಾತ್ಮ!

ಚೌಗುಲೆಯವರು ಬಂದದ್ದು 2 ಗಂಟೆ 50 ನಿಮಿಷ 45.4 ಸೆಕೆಂಡಿಗೆ. ಐವತ್ತರ ಹತ್ತಿರ ಜನ ಓಡಿದ್ದರಲ್ಲಿ ಹತ್ತೊಂಬತ್ತನೆಯವರು. ಸಾತಾರಾದ ದಾತಾರ್ ಓಟ ಮುಗಿಸಲಾಗಲಿಲ್ಲ.

ಪೈಲ್ವಾನ್ ಶಿಂದೆಯವರ ಬಗ್ಗೆ ಒಂದು ಮಾತು ಹೇಳಲೇಬೇಕು. ಫೆದರ್‌ವೇಟ್ ಕುಸ್ತಿಯಲ್ಲಿ ಕಂಚಿನ ಪಂದ್ಯದವರೆಗೂ ಬಂದು, ಬ್ರಿಟನ್ನಿನ ಬರ್ನಾರ್ಡ್ ಎಂಬವರಿಗೆ ಸೋತು ನಾಲ್ಕನೆಯವರಾದರು. ಆ ಒಂದು ಕುಸ್ತಿ ಗೆದ್ದಿದ್ದರೆ ಖಾಶಾಬಾ ಜಾಧವರ ಕಂಚಿಗಿಂತ 32 ವರ್ಷ ಮೊದಲೇ ನಮಗೆ ಪದಕ ಬರುತ್ತಿತ್ತು. ಕೊಲ್ಲಾಪುರದವರು ಅವರನ್ನು ಇನ್ನಾದರೂ ನೆನೆಯಬೇಕು. ಇರಲಿ.

ನಾನು ಬಿ.ಕಾಂ. ಮನುಷ್ಯ, ಲೆಕ್ಕ ಹಾಕದೆ ಇರಲಾಗುವುದಿಲ್ಲ. ಚೌಗುಲೆ ಒಂದು ಕಿಲೋಮೀಟರಿಗೆ ತೆಗೆದುಕೊಂಡದ್ದು ಹೆಚ್ಚುಕಡಿಮೆ 4 ನಿಮಿಷ, ಕೋಲೆಹ್ಮೈನೆನ್ 3 ನಿಮಿಷ 34 ಸೆಕೆಂಡ್. ವ್ಯತ್ಯಾಸ 18 ನಿಮಿಷ. ಒಬ್ಬರಿಗೆ ಹತ್ತು ವರ್ಷದ ಅನುಭವ, ಅಮೆರಿಕದ ರಸ್ತೆ ಓಟಗಳು, ಬೆನ್ನಿಗೆ ಓಟವನ್ನೇ ಉಸಿರಾಡುವ ದೇಶ. ಇನ್ನೊಬ್ಬರಿಗೆ ಇಲ್ಲಿಯ ಜಲ್ಲಿ ರಸ್ತೆ, ಸಮುದ್ರ ದಾಟಿದ ಮೇಲೆ ಲಂಡನ್ನಿನಲ್ಲಿ ಕೆಲವು ವಾರದ ತರಬೇತಿ. ಹಡಗಿನ ಮೇಲೆ ಓಡಲು ಎಲ್ಲಿ ಜಾಗ? ನನ್ನ ಮಟ್ಟಿಗೆ ಆ 18 ನಿಮಿಷ ದೊಡ್ಡ ಸೋಲೇ ಅಲ್ಲ.

ಆದರೆ ನಮ್ಮ ಪುಸ್ತಕಗಳಲ್ಲಿ ಪದಕ ಬಂದರೆ ಜಮಾ, ಇಲ್ಲದಿದ್ದರೆ ಸೊನ್ನೆ. ಹತ್ತೊಂಬತ್ತಕ್ಕೆ ಅಂಕಣವೇ ಇಲ್ಲ. ಆಂಟ್ವರ್ಪ್‌ನಿಂದ ಬಂದ ಮೇಲೆ ದೊರಾಬ್ಜಿ ಕೈಬಿಡಲಿಲ್ಲ. 1924ರಲ್ಲಿ ಪ್ಯಾರಿಸ್ಸಿಗೆ ಇನ್ನೂ ದೊಡ್ಡ ತಂಡ ಹೋಯಿತು, 1927ರಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆ ಹುಟ್ಟಿತು, ಅವರೇ ಅಧ್ಯಕ್ಷರಾದರು. ಅವರ ಹೆಸರು ಉಳಿಯಿತು, ಉಳಿಯಬೇಕಾದದ್ದೇ. ಓಡಿದವರ ಹೆಸರನ್ನು ಬೆಳಗಾವಿಯಲ್ಲೂ ಕೆಲವರು ಮಾತ್ರ ಬಲ್ಲರು.

ಹತ್ತೊಂಬತ್ತು ಅಂದರೆ ಎಷ್ಟು ಅಂತ ತಿಳಿಯಬೇಕಾದರೆ ಮುಂದಿನವರನ್ನು ನೋಡಿ. 1976ರ ಮಾಂಟ್ರಿಯಲ್‌ನಲ್ಲಿ ಶಿವನಾಥ್ ಸಿಂಗ್ 11ನೆಯವರಾದರು, ಅದು ಅಪರೂಪದ ಓಟ. 2016ರ ರಿಯೋದಲ್ಲಿ ಗೋಪಿಯವರು 25ನೆಯವರು. ನಡುವೆ ಒಂದು ಹೆಲ್ಸಿಂಕಿ ಇದೆ, 1952. ಅಲ್ಲಿ ಕ್ರೀಡಾಂಗಣದೊಳಗೆ ಜ್ಯೋತಿ ಬೆಳಗಿದ್ದು ನುರ್ಮಿ. ಅವರಿಂದ ಪಡೆದು ಗೋಪುರದ ಮೇಲಿನ ಜ್ಯೋತಿ ಬೆಳಗಿದ್ದು ಮುದುಕರಾಗಿದ್ದ ಅದೇ ಕೋಲೆಹ್ಮೈನೆನ್. ಆ ಒಲಿಂಪಿಕ್ಸಿನ ಮ್ಯಾರಥಾನಿನಲ್ಲಿ ಸ್ವತಂತ್ರ ಭಾರತದ ಪರವಾಗಿ ಓಡಿದವರು ಸೂರತ್ ಸಿಂಗ್ ಮಾಥುರ್, ಏಷ್ಯನ್ ಗೇಮ್ಸ್‌ನಲ್ಲಿ ಪದಕ ಗೆದ್ದಿದ್ದವರು. ಅವರ ಸಮಯ 2 ಗಂಟೆ 58 ನಿಮಿಷ. ಬೆಳಗಾವಿಯ ಚೌಗುಲೆ 32 ವರ್ಷ ಮೊದಲು, ಮಳೆಯಲ್ಲಿ, ಅರ್ಧ ಕಿಲೋಮೀಟರ್ ಜಾಸ್ತಿ ಓಡಿ, ಅದಕ್ಕಿಂತ ಏಳು ನಿಮಿಷ ಬೇಗ ಮುಗಿಸಿದ್ದರು.