ಮಲ್ಟಿಪಲ್ ಸ್ಕ್ಲೆರೋಸಿಸ್ ಚಿಕಿತ್ಸೆ ಮತ್ತು ವೈರಸ್ ಸೋಂಕು

ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂ.ಎಸ್.) ಎಂಬುದು ದೇಹದ ರೋಗನಿರೋಧಕ ವ್ಯವಸ್ಥೆಯು ಮಿದುಳು, ಬೆನ್ನುಹುರಿ ಹಾಗೂ ದೃಷ್ಟಿನರದ ತಂತುಗಳನ್ನು ಸುತ್ತುವರಿದ ಮಯಲಿನ್ ಹೊದಿಕೆಯ ಮೇಲೆ ದಾಳಿ ಮಾಡುವುದರಿಂದ ಉಂಟಾಗುವ ದೀರ್ಘಕಾಲಿಕ ಕಾಯಿಲೆ. ಈ ದಾಳಿಯನ್ನು ತಡೆಯುವ ಔಷಧಿಗಳು ನಿರೋಧಕ ಶಕ್ತಿಯ ಒಂದು ಭಾಗವನ್ನು ಹತ್ತಿಕ್ಕುತ್ತವೆ. ಆ ಕಾರಣದಿಂದ ಕೆಲವು ವೈರಸ್ ಸೋಂಕುಗಳ ಅಪಾಯವು ಹೆಚ್ಚುತ್ತದೆ. ಎಲ್ಲ ಔಷಧಿಗಳಲ್ಲಿಯೂ ಈ ಅಪಾಯ ಒಂದೇ ಬಗೆಯದಲ್ಲ.

== ಹಿನ್ನೆಲೆ ==
ಈ ಕಾಯಿಲೆಯ ಮೂಲದಲ್ಲಿಯೇ ಒಂದು ವೈರಸ್ಸಿನ ಪಾತ್ರವಿದೆ. ಅಮೆರಿಕದ 1 ಕೋಟಿಗೂ ಹೆಚ್ಚು ಸೈನಿಕ ಸಿಬ್ಬಂದಿಯ ದಾಖಲೆಗಳನ್ನು ಆಧರಿಸಿ 2022ರಲ್ಲಿ ಪ್ರಕಟವಾದ ಅಧ್ಯಯನವು, ಎಪ್ಸ್ಟೀನ್-ಬಾರ್ ವೈರಸ್ ಸೋಂಕಿನ ನಂತರ ಎಂ.ಎಸ್. ಬರುವ ಸಾಧ್ಯತೆಯು 32 ಪಟ್ಟು ಹೆಚ್ಚುತ್ತದೆ ಎಂದು ತೋರಿಸಿತು. ಆದರೆ ಈ ವೈರಸ್ ಬಹುತೇಕ ವಯಸ್ಕರ ದೇಹದಲ್ಲಿ ಇರುವುದರಿಂದ, ಅದೊಂದೇ ಕಾಯಿಲೆಯನ್ನು ತರಲಾರದು.

== ಔಷಧಿಗಳು ಮತ್ತು ಅಪಾಯಗಳು ==
1990ರ ದಶಕದಿಂದ ಬಳಕೆಯಲ್ಲಿರುವ ಇಂಟರ್‌ಫೆರಾನ್ ಬೀಟಾ ಮತ್ತು ಗ್ಲಾಟಿರಾಮರ್ ಅಸಿಟೇಟ್ ಚುಚ್ಚುಮದ್ದುಗಳು ಸೋಂಕಿನ ಅಪಾಯವನ್ನು ಗಮನಾರ್ಹವಾಗಿ ಹೆಚ್ಚಿಸುವುದಿಲ್ಲ. ಹೆಚ್ಚು ಪ್ರಬಲವಾದ ಔಷಧಿಗಳ ವಿಷಯ ಬೇರೆ.

* '''ನಟಾಲಿಜುಮಾಬ್:''' ಇದು ಬಿಳಿರಕ್ತಕಣಗಳು ಮಿದುಳನ್ನು ಪ್ರವೇಶಿಸದಂತೆ ತಡೆಯುತ್ತದೆ. ಅಮೆರಿಕದಲ್ಲಿ 2004ರಲ್ಲಿ ಅನುಮೋದನೆ ಪಡೆದ ಈ ಔಷಧಿಯನ್ನು 2005ರಲ್ಲಿ ಹಿಂತೆಗೆದುಕೊಂಡು, 2006ರಲ್ಲಿ ನಿಬಂಧನೆಗಳೊಡನೆ ಮರಳಿ ತರಲಾಯಿತು. ಜೆ.ಸಿ. ವೈರಸ್ಸಿನಿಂದ ಬರುವ ಪಿ.ಎಂ.ಎಲ್. ಎಂಬ ಮಾರಕ ಮಿದುಳಿನ ಸೋಂಕು ಇದಕ್ಕೆ ಕಾರಣ. ಅರ್ಧಕ್ಕೂ ಹೆಚ್ಚು ವಯಸ್ಕರಲ್ಲಿ ಈ ವೈರಸ್ ಸುಪ್ತವಾಗಿರುತ್ತದೆ. ರಕ್ತದಲ್ಲಿ ಅದರ ಪ್ರತಿಕಾಯಗಳಿರುವುದು, ಎರಡು ವರ್ಷಕ್ಕೂ ಮೀರಿದ ಚಿಕಿತ್ಸೆ, ಹಿಂದೆ ನಿರೋಧಕ ಶಕ್ತಿಯನ್ನು ಕುಗ್ಗಿಸುವ ಔಷಧಿ ಸೇವಿಸಿರುವುದು – ಈ ಮೂರೂ ಕೂಡಿದಾಗ ಅಪಾಯ ಅತಿ ಹೆಚ್ಚು.
* '''ಫಿಂಗೊಲಿಮಾಡ್:''' 2010ರಲ್ಲಿ ಅನುಮೋದನೆ ಪಡೆದ ಈ ಗುಳಿಗೆಯು ಲಿಂಫೊಸೈಟ್ ಕಣಗಳನ್ನು ದುಗ್ಧಗ್ರಂಥಿಗಳಲ್ಲಿ ಹಿಡಿದಿಡುತ್ತದೆ. ಸೀತಾಳೆ ಸಿಡುಬು ಮತ್ತು ಸರ್ಪಸುತ್ತನ್ನು ತರುವ ವ್ಯಾರಿಸೆಲ್ಲಾ-ಜೋಸ್ಟರ್ ವೈರಸ್ ಇಲ್ಲಿಯ ಮುಖ್ಯ ಆತಂಕ.
* '''ಡೈಮೀಥೈಲ್ ಫ್ಯೂಮರೇಟ್:''' ಲಿಂಫೊಸೈಟ್ ಸಂಖ್ಯೆ ದೀರ್ಘಕಾಲ ತೀರ ಕುಸಿದವರಲ್ಲಿ ಅಪರೂಪವಾಗಿ ಪಿ.ಎಂ.ಎಲ್. ಕಂಡುಬಂದಿದೆ.
* '''ರಿಟುಕ್ಸಿಮಾಬ್ ಮತ್ತು ಒಕ್ರೆಲಿಜುಮಾಬ್:''' ಇವು ಬಿ-ಕಣಗಳನ್ನು ನಾಶಪಡಿಸುತ್ತವೆ. ಯಕೃತ್ತಿನಲ್ಲಿ ಸುಪ್ತವಾಗಿರುವ ಹೆಪಟೈಟಿಸ್-ಬಿ ವೈರಸ್ ಮತ್ತೆ ಕೆರಳಿ ಪ್ರಾಣಕ್ಕೆ ಅಪಾಯ ತರಬಲ್ಲದು. ಕೋವಿಡ್ ಕಾಲದಲ್ಲಿ ಇವರಲ್ಲಿ ಲಸಿಕೆಗೆ ಪ್ರತಿಕಾಯಗಳು ಕಡಿಮೆ ಉತ್ಪತ್ತಿಯಾದುದು ಕಂಡುಬಂದಿತು.
* '''ಅಲೆಮ್‌ಟುಜುಮಾಬ್ ಮತ್ತು ಕ್ಲಾಡ್ರಿಬಿನ್:''' ಹರ್ಪಿಸ್ ಗುಂಪಿನ ಸೋಂಕುಗಳು ಹೆಚ್ಚು. ಅಲೆಮ್‌ಟುಜುಮಾಬ್‌ನೊಂದಿಗೆ ಅಸೈಕ್ಲೊವಿರ್ ಗುಳಿಗೆಯನ್ನು ಮುನ್ನೆಚ್ಚರಿಕೆಯಾಗಿ ಕೊಡಲಾಗುತ್ತದೆ.

== ಪರೀಕ್ಷೆ ಮತ್ತು ಲಸಿಕೆ ==
ಚಿಕಿತ್ಸೆಗೆ ಮುನ್ನ, ಆಯ್ದ ಔಷಧಿಗೆ ಅನುಗುಣವಾಗಿ ರಕ್ತಕಣಗಳ ಎಣಿಕೆ, ಹೆಪಟೈಟಿಸ್-ಬಿ, ಎಚ್.ಐ.ವಿ., ಸೀತಾಳೆ ಸಿಡುಬಿನ ಪ್ರತಿಕಾಯ ಹಾಗೂ ಜೆ.ಸಿ. ವೈರಸ್ ಪರೀಕ್ಷೆಗಳನ್ನು ಮಾಡಲಾಗುತ್ತದೆ. ಭಾರತದಲ್ಲಿ ಕ್ಷಯರೋಗದ ತಪಾಸಣೆಯೂ ಮುಖ್ಯ. ದಡಾರ, ಸೀತಾಳೆ ಸಿಡುಬು, ಹಳದಿ ಜ್ವರ ಮೊದಲಾದವುಗಳ ಸಜೀವ ಲಸಿಕೆಗಳನ್ನು ಪ್ರಬಲ ಔಷಧಿ ಪ್ರಾರಂಭಿಸುವುದಕ್ಕೆ ಕನಿಷ್ಠ ನಾಲ್ಕು ವಾರ ಮೊದಲೇ ಪಡೆಯಬೇಕು. ಚಿಕಿತ್ಸೆಯ ಅವಧಿಯಲ್ಲಿ ಸಾಮಾನ್ಯವಾಗಿ ಕೊಡುವುದಿಲ್ಲ. ಇನ್‌ಫ್ಲುಯೆಂಜಾದ ನಿಷ್ಕ್ರಿಯ ಲಸಿಕೆಯನ್ನು ಚಿಕಿತ್ಸೆಯ ನಡುವೆಯೂ ಪಡೆಯಬಹುದು, ಆದರೆ ಅದರ ಫಲ ಕಡಿಮೆಯಾಗಬಹುದು.

== ಜ್ವರ ಬಂದಾಗ ==
ದೇಹದ ಉಷ್ಣತೆ ಏರಿದಾಗ ಹಳೆಯ ನರಲಕ್ಷಣಗಳು ತಾತ್ಕಾಲಿಕವಾಗಿ ಮರುಕಳಿಸುತ್ತವೆ. ಜರ್ಮನಿಯ ನೇತ್ರವೈದ್ಯ ವಿಲ್ಹೆಲ್ಮ್ ಉಟ್‌ಹಾಫ್ 1890ರಲ್ಲಿ ವಿವರಿಸಿದ ಈ ಸ್ಥಿತಿಗೆ ಅವರ ಹೆಸರೇ ಇದೆ. ಮಳೆಗಾಲದಲ್ಲಿ ಡೆಂಗ್ಯೂ, ಚಿಕೂನ್‌ಗುನ್ಯಾ ಸಾಮಾನ್ಯವಾಗಿರುವ ದಾವಣಗೆರೆ, ಹರಿಹರದಂತಹ ಊರುಗಳಲ್ಲಿ ಇದನ್ನು ಕಾಯಿಲೆಯ ಹೊಸ ಆಘಾತವೆಂದು ಭ್ರಮಿಸುವ ಸಾಧ್ಯತೆಯಿದೆ. ಸೋಂಕನ್ನು ಪರಿಶೀಲಿಸದೆ ಸ್ಟೀರಾಯ್ಡ್ ಕೊಡುವುದು ಅಪಾಯಕರ. ರೋಗಿಯು ತಾನು ಸೇವಿಸುತ್ತಿರುವ ಔಷಧಿಯ ಹೆಸರು ಹಾಗೂ ಕೊನೆಯ ಡೋಸಿನ ದಿನಾಂಕವನ್ನು ಬರೆದಿಟ್ಟುಕೊಂಡು ಸ್ಥಳೀಯ ವೈದ್ಯರಿಗೆ ತೋರಿಸಬೇಕು. ಮಾತು, ದೃಷ್ಟಿ, ನಡೆ ಅಥವಾ ವರ್ತನೆಯಲ್ಲಿ ವಾರಗಳ ಕಾಲ ನಿಧಾನವಾಗಿ ಹೆಚ್ಚುವ ಬದಲಾವಣೆಯು ಪಿ.ಎಂ.ಎಲ್. ಇರಬಹುದಾದ್ದರಿಂದ ಕೂಡಲೇ ಎಂ.ಆರ್.ಐ. ಪರೀಕ್ಷೆ ಅಗತ್ಯ.

ಸೋಂಕಿನ ಭಯದಿಂದ ಔಷಧಿಯನ್ನು ತಾನಾಗಿಯೇ ನಿಲ್ಲಿಸುವುದೂ ಅಷ್ಟೇ ಅಪಾಯಕಾರಿ. ನಟಾಲಿಜುಮಾಬ್ ಮತ್ತು ಫಿಂಗೊಲಿಮಾಡ್ ನಿಲ್ಲಿಸಿದ ಕೆಲವೇ ತಿಂಗಳುಗಳಲ್ಲಿ ಕಾಯಿಲೆಯು ಮೊದಲಿಗಿಂತ ತೀವ್ರವಾಗಿ ಮರುಕಳಿಸಿ ಶಾಶ್ವತ ಅಂಗವೈಕಲ್ಯ ಉಂಟಾಗಬಹುದು. ಈ ತೀರ್ಮಾನವನ್ನು ನರರೋಗ ತಜ್ಞರೊಡನೆ ಸಮಾಲೋಚಿಸಿಯೇ ಕೈಗೊಳ್ಳಬೇಕು.

== ಕರ್ನಾಟಕ ಮತ್ತು ಭಾರತದಲ್ಲಿ ==
ಎಂ.ಎಸ್. ಭಾರತದಲ್ಲಿ ತೀರ ವಿರಳವೆಂಬ ನಂಬಿಕೆ ಹಿಂದೆ ಇತ್ತು. 2014ರಲ್ಲಿ ಪ್ರಕಟವಾದ ಮಂಗಳೂರು ನಗರದ ಸಮೀಕ್ಷೆಯೊಂದು ಲಕ್ಷ ಜನರಿಗೆ ಸುಮಾರು 8 ಮಂದಿಯಲ್ಲಿ ಈ ಕಾಯಿಲೆಯನ್ನು ಗುರುತಿಸಿತು. ಬೆಂಗಳೂರಿನ ನಿಮ್ಹಾನ್ಸ್ ರಾಜ್ಯದ ಪ್ರಮುಖ ನರರೋಗ ಚಿಕಿತ್ಸಾ ಸಂಸ್ಥೆ. 1985ರಲ್ಲಿ ಸ್ಥಾಪನೆಯಾದ ಮಲ್ಟಿಪಲ್ ಸ್ಕ್ಲೆರೋಸಿಸ್ ಸೊಸೈಟಿ ಆಫ್ ಇಂಡಿಯಾದ ಶಾಖೆಯೂ ಬೆಂಗಳೂರಿನಲ್ಲಿದೆ.

ಬೆಲೆ ಕಡಿಮೆಯಿರುವ ಕಾರಣ ಭಾರತದಲ್ಲಿ ರಿಟುಕ್ಸಿಮಾಬ್‌ನ ಜೈವಿಕ ಸದೃಶ ಔಷಧಿಗಳು ಬಳಕೆಯಲ್ಲಿವೆ. ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಎಂ.ಎಸ್. ಚಿಕಿತ್ಸೆಗಾಗಿ ರಿಟುಕ್ಸಿಮಾಬ್, ಕ್ಲಾಡ್ರಿಬಿನ್, ಗ್ಲಾಟಿರಾಮರ್ ಅಸಿಟೇಟ್‌ಗಳನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಅಂಗವಿಕಲರ ಹಕ್ಕುಗಳ ಅಧಿನಿಯಮ, 2016ರ 21 ಬಗೆಯ ಅಂಗವೈಕಲ್ಯಗಳಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಕೂಡ ಒಂದಾಗಿದೆ.