ಇಲಿಗೂಡಿನಿಂದ ನೀರಿನ ಕ್ಯಾನಿಗೆ

ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆಯಲ್ಲೋ ಹೊಸದುರ್ಗದಲ್ಲೋ ಒಬ್ಬಳು ಬಸುರಿ, ಹೊಟ್ಟೆಯಲ್ಲಿರುವುದು ಹೆಣ್ಣುಮಗು ಎಂದುಕೊಳ್ಳಿ. ಮುಂದೆ ಮೊಮ್ಮಕ್ಕಳಾಗಬೇಕಾದ ಅಂಡಾಣುಗಳು ಆ ಭ್ರೂಣದಲ್ಲಿ ಆಗಲೇ ತಯಾರಾಗುತ್ತಿರುತ್ತವೆ. ಐದನೇ ತಿಂಗಳ ಹೊತ್ತಿಗೆ 60–70 ಲಕ್ಷ. ಅವುಗಳೊಳಗಿನ ವರ್ಣತಂತುಗಳು ಜೋಡಿಯಾಗಿ, ತುಣುಕುಗಳನ್ನು ಅದಲುಬದಲು ಮಾಡಿಕೊಂಡು ಅಲ್ಲಿಗೇ ನಿಲ್ಲುತ್ತವೆ. ಉಳಿದ ಕೆಲಸ ಆ ಮಗು ಮೈನೆರೆದ ಮೇಲೆ. ಮೂವತ್ತು–ನಲವತ್ತು ವರ್ಷ ಕಾದ ಕೋಶ ವರ್ಣತಂತುಗಳ ಹಂಚಿಕೆಯಲ್ಲಿ ತಪ್ಪಿದರೆ ಅಚ್ಚರಿಯೇನಿಲ್ಲ.

ತಾಯಿಯ ವಯಸ್ಸಿಗೂ ಡೌನ್ ಸಿಂಡ್ರೋಮಿಗೂ ಇರುವ ನಂಟನ್ನು ತಳಿವಿಜ್ಞಾನಿ ಲಯೊನೆಲ್ ಪೆನ್‌ರೋಸ್ 1933ರಲ್ಲಿ ತೋರಿಸಿದರು. 21ನೇ ವರ್ಣತಂತು ಒಂದು ಹೆಚ್ಚಿರುವುದೇ ಕಾರಣವೆಂದು 1959ರಲ್ಲಿ ಗೊತ್ತಾಯಿತು. ರಾಸಾಯನಿಕವೂ ಇಂಥ ಎಡವಟ್ಟು ಮಾಡಬಲ್ಲದೆಂಬುದಕ್ಕೆ ಸಾಕ್ಷಿ ಸಿಕ್ಕಿದ್ದು ಸಸ್ಯಗಳಲ್ಲಿ: 1937ರಲ್ಲಿ ಸಸ್ಯವಿಜ್ಞಾನಿ ಬ್ಲೇಕ್ಸ್‌ಲೀ ಕಾಲ್ಚಿಸಿನ್ ಎಂಬ ಸಸ್ಯವಿಷ ಬಳಸಿ ಗಿಡಗಳ ವರ್ಣತಂತುಗಳನ್ನು ಇಮ್ಮಡಿಗೊಳಿಸಿದ್ದರು. ವರ್ಣತಂತುಗಳನ್ನು ಎರಡು ಬದಿಗೆ ಎಳೆಯುವ ಎಳೆಗಳನ್ನೇ ಅದು ಕಟ್ಟಗೊಡುವುದಿಲ್ಲ. ಮಳೆಗಾಲದಲ್ಲಿ ನಮ್ಮ ಬೇಲಿಗಳಲ್ಲಿ ಕೆಂಪು–ಹಳದಿಯಾಗಿ ಅರಳುವ ಗೌರಿಹೂವಿನ ಬಳ್ಳಿಯಲ್ಲೂ ಇದೇ ವಿಷವಿದೆ.

ಆದರೆ ಕಾಲ್ಚಿಸಿನ್ ಯಾರೂ ದಿನಾ ಕುಡಿಯುವ ವಸ್ತುವಲ್ಲ. ದಿನಬಳಕೆಯ ಪ್ಲಾಸ್ಟಿಕ್ಕಿನತ್ತ ಬೆರಳು ತಿರುಗಿದ್ದು 1998ರಲ್ಲಿ, ಅದೂ ಆಕಸ್ಮಿಕವಾಗಿ. ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಸಂಶೋಧಕಿ ಪೆಟ್ರೀಷಿಯಾ ಹಂಟ್ ಇಲಿಗಳ ಅಂಡಾಣುಗಳನ್ನು ಪರೀಕ್ಷಿಸುತ್ತಿದ್ದರು. ಯಾವ ಪ್ರಯೋಗಕ್ಕೂ ಒಳಪಡದ, ಹೋಲಿಕೆಗೆಂದು ಇಟ್ಟಿದ್ದ ಇಲಿಗಳಲ್ಲೇ ವರ್ಣತಂತುಗಳು ಸಾಲು ತಪ್ಪತೊಡಗಿದವು. ಶೇ 1–2ರಷ್ಟಿದ್ದ ದೋಷ ಶೇ 40ಕ್ಕೆ ಏರಿತ್ತು. ಹುಡುಕುತ್ತ ಹೋದಾಗ ಸಿಕ್ಕಿದ್ದು ನೆಲ ತೊಳೆಯುವ ಕ್ಷಾರ. ಪಾಲಿಕಾರ್ಬೊನೇಟ್ ಗೂಡುಗಳನ್ನೂ ನೀರಿನ ಬಾಟಲಿಗಳನ್ನೂ ಯಾರೋ ಅದರಲ್ಲಿ ತೊಳೆದಿದ್ದರು. ಪ್ಲಾಸ್ಟಿಕ್ ಕರಗಿ, ಅದರ ಮೂಲವಸ್ತುವಾದ ಬಿಸ್ಫೆನಾಲ್–ಎ ಹೊರಬಂದಿತ್ತು. ಹಂಟ್ ತಂಡ ಗೂಡುಗಳನ್ನು ಬೇಕೆಂದೇ ಮತ್ತೆ ಹಾಗೆ ತೊಳೆದು, ಬಿಸ್ಫೆನಾಲ್–ಎಯನ್ನು ಇಲಿಗಳಿಗೆ ನೇರವಾಗಿ ಕೊಟ್ಟೂ ನೋಡಿ, 2003ರಲ್ಲಿ ವರದಿ ಪ್ರಕಟಿಸಿತು.

2007ರಲ್ಲಿ ಅದೇ ತಂಡ ಬಸಿರಿಲಿಗಳಿಗೆ ಈ ರಾಸಾಯನಿಕ ಕೊಟ್ಟಾಗ ಹೊಟ್ಟೆಯಲ್ಲಿದ್ದ ಹೆಣ್ಣುಮರಿಗಳ ಅಂಡಾಣುಗಳೇ ಕೆಟ್ಟವು. ಅಂದರೆ ಅಜ್ಜಿ ಉಂಡದ್ದು ಮೊಮ್ಮಗಳಿಗೆ ತಟ್ಟಿತು. ಎಲ್ಲರೂ ಒಪ್ಪಲಿಲ್ಲ. ಯುರೋಪಿನ ಕೆಲವು ಪ್ರಯೋಗಾಲಯಗಳಿಗೆ ವರ್ಣತಂತುಗಳ ಲೆಕ್ಕದಲ್ಲಿ ಹೆಚ್ಚಳ ಕಾಣಲಿಲ್ಲ. ಇಲಿಗಳ ಮೇವು ಬದಲಾದರೂ ಫಲಿತಾಂಶ ಬದಲಾಗುತ್ತದೆಂದು ಆಮೇಲೆ ತಿಳಿಯಿತು. ಈ ತಕರಾರಿನಿಂದ ಕ್ಷೇತ್ರಕ್ಕೆ ಒಳ್ಳೆಯದೇ ಆಯಿತೆನ್ನಬೇಕು. 2012ರಲ್ಲಿ ಕೋತಿಗಳ ಭ್ರೂಣದಲ್ಲೂ ದೋಷ ಕಂಡಿತು. 2013ರಲ್ಲಿ ಬಾಸ್ಟನ್ನಿನ ಸಂಶೋಧಕರು ಪ್ರನಾಳಶಿಶು ಚಿಕಿತ್ಸೆಯಲ್ಲಿ ಕೈಬಿಟ್ಟ ಮಾನವ ಅಂಡಾಣುಗಳನ್ನು ಬಿಸ್ಫೆನಾಲ್–ಎಯಲ್ಲಿಟ್ಟು ನೋಡಿದರು: ಪ್ರಮಾಣ ಏರಿದಂತೆ ಬಲಿಯುವ ಅಂಡಾಣುಗಳು ಕಡಿಮೆಯಾದವು. ಗಾಜಿನ ತಟ್ಟೆಯಲ್ಲಿ ಕಂಡದ್ದು ಹೆಂಗಸರ ಮೈಯಲ್ಲಿ ಹಾಗೆಯೇ ನಡೆಯುತ್ತದೆಂದು ಇದರಿಂದ ಸಾಬೀತಾಗುವುದಿಲ್ಲ.

ಚಿತ್ರದುರ್ಗ ಜಿಲ್ಲೆಗೆ ಇದರಲ್ಲಿ ಏನು ಕೆಲಸ? ನೀರು. ಹಿರಿಯೂರು, ಚಿತ್ರದುರ್ಗ ಪಟ್ಟಣಗಳಿಗೆ ವಾಣಿವಿಲಾಸ ಸಾಗರ ಜಲಾಶಯವಿದೆ. ಹಳ್ಳಿಗಳ ಎಷ್ಟೋ ಕೊಳವೆಬಾವಿಗಳಲ್ಲಿ ಮಾತ್ರ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ದಾಟಿದೆ. ಹಾಗಾಗಿ ಶುದ್ಧ ನೀರಿನ ಘಟಕಕ್ಕೆ ನಾಣ್ಯ ಹಾಕಿ 20 ಲೀಟರಿನ ಕ್ಯಾನ್ ತುಂಬಿಸಿ, ಬೈಕಿನ ಮೇಲೆ ಮನೆಗೆ ತರುವುದು ರೂಢಿ. ಅಂಗಡಿಗಳಲ್ಲಿ ಸಿಗುವ ನೀಲಿ ಕ್ಯಾನುಗಳಲ್ಲಿ ಹಲವು ಪಾಲಿಕಾರ್ಬೊನೇಟಿನವು; ತಳದ ತ್ರಿಕೋನದಲ್ಲಿ 7 ಎಂದಿರುತ್ತದೆ, ಆದರೆ ಬೇರೆ ಕೆಲವು ಪ್ಲಾಸ್ಟಿಕ್ಕಿಗೂ ಅದೇ ಅಂಕಿ. ಹೊಸ ಕ್ಯಾನಿನಿಂದ ಇಳಿಯುವುದು ಅತ್ಯಲ್ಪ. ಬಿಸಿಲಲ್ಲಿ ಕಾದು, ಗೀರುಬಿದ್ದು, ಸೋಡಾಪುಡಿಯಲ್ಲಿ ಉಜ್ಜಿಸಿಕೊಂಡು ಮಸುಕಾದದ್ದರ ಮಾತು ಬೇರೆ. ಇಲಿಗೂಡಿಗೆ ಆದದ್ದೂ ಹೆಚ್ಚುಕಡಿಮೆ ಅದೇ. ಹಾಗೆಂದು ಫ್ಲೋರೈಡ್ ನೀರಿಗೆ ಮರಳುವುದು ಮೂರ್ಖತನ. ಹಲ್ಲು, ಮೂಳೆಗೆ ಅದು ಮಾಡುವ ಹಾನಿ ಊಹೆಯದಲ್ಲ, ಕಣ್ಣಿಗೆ ಕಾಣುವಂಥದ್ದು. ಕ್ಯಾನ್ ಬದಲಿಸಬಹುದು, ಮನೆಯಲ್ಲಿ ನೀರನ್ನು ಸ್ಟೀಲ್ ಪಾತ್ರೆಗೆ ಸುರಿದಿಡಬಹುದು.

ಭಾರತೀಯ ಮಾನಕ ಬ್ಯೂರೋ 2015ರಲ್ಲಿ ಮಕ್ಕಳ ಹಾಲುಬಾಟಲಿಗಳಿಗೆ ಪಾಲಿಕಾರ್ಬೊನೇಟ್ ಕೂಡದೆಂದಿತು; ಆ ಮಾನಕ ನೀರಿನ ಕ್ಯಾನಿನದಲ್ಲ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2023ರಲ್ಲಿ ಬಿಸ್ಫೆನಾಲ್–ಎಯ ದಿನದ ಮಿತಿಯನ್ನು 20,000 ಪಟ್ಟು ಇಳಿಸಿತು. ತಯಾರಕರು ಅದಕ್ಕೂ ಮೊದಲೇ ಬಿಸ್ಫೆನಾಲ್–ಎಸ್ ಮುಂತಾದ ಬದಲಿಗಳತ್ತ ವಾಲಿದ್ದರು. ಆದರೆ 2018ರಲ್ಲೇ ಪ್ರಕಟವಾದ ವರದಿಯಂತೆ, ಹಂಟ್ ಪ್ರಯೋಗಾಲಯದಲ್ಲಿ ಮತ್ತೆ ಗೂಡುಗಳು ಹಾಳಾಗಿ ಇಲಿಗಳ ವರ್ಣತಂತುಗಳಲ್ಲಿ ದೋಷ ಕಂಡಿತ್ತು. ಈ ಸಲ ಗೂಡು ಪಾಲಿಸಲ್ಫೋನಿನದು, ಸೋರಿದವುಗಳಲ್ಲಿ ಆ ಬದಲಿ ರಾಸಾಯನಿಕವೂ ಇತ್ತು.